ಓದುಗರ ಪ್ರಶ್ನೆ: ಲೆಕ್ಕ ಸರಿಯಾದರೆ ಊರಿಗೆ ಬಸ್ ಬರುತ್ತದೆಯೇ?

ಪ್ರಶ್ನೆ: ನಮ್ಮದು ಶಿರಾ ತಾಲ್ಲೂಕಿನ ಸಣ್ಣ ಹಳ್ಳಿ. ಊರಿಗೆ ಸೇರಿದ ಗೊಲ್ಲರಹಟ್ಟಿ ಮುಕ್ಕಾಲು ಕಿಲೋಮೀಟರ್ ಆಚೆಗಿದೆ. ಮೊಬೈಲ್‌ನಲ್ಲಿ ಊರಿನ ಹೆಸರು ಹುಡುಕಿದರೆ ಸಿಗುವ ಜನಸಂಖ್ಯೆ ನಮ್ಮ ಲೆಕ್ಕಕ್ಕೆ ಹೊಂದುವುದೇ ಇಲ್ಲ. ಬಸ್ 5ರಿಂದ 10 ಕಿ.ಮೀ., ರೈಲು 10 ಕಿ.ಮೀ.ಗಿಂತ ದೂರ ಎಂದೂ ಬರೆದಿದ್ದಾರೆ. ಅಳೆದವರು ಯಾರು? ಇದನ್ನು ತಿದ್ದಿಸಿದರೆ ಬಸ್ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ತಾಲ್ಲೂಕು ಕಚೇರಿಗೆ ಅಲೆಯುವುದಾದರೂ ತಪ್ಪಲಿ.

ನೀವು ನೋಡಿದ ಅಂಕಿ 2011ರ ಜನಗಣತಿಯದು. ಆಗ ನಾನು ಮೇಷ್ಟ್ರು. ಗಣತಿದಾರನಾಗಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ತಿರುಗಿದ್ದೇನೆ. ಮಗ ಬೆಂಗಳೂರಿನಲ್ಲಿ ದುಡಿಯುತ್ತಿದ್ದು ಆ ಅವಧಿಯಲ್ಲಿ ಊರಿಗೇ ಬಾರದಿದ್ದರೆ ಅವನ ತಲೆ ಬೆಂಗಳೂರಿನ ಲೆಕ್ಕಕ್ಕೆ. ಹಾಗೆಂದು ಹೇಳಿದರೆ ತಾಯಂದಿರು ಒಳಗಿನಿಂದ ಪಡಿತರ ಚೀಟಿ ತಂದು ಹಿಡಿಯುತ್ತಿದ್ದರು: “ಹೆಸರು ಇದರಲ್ಲಿದೆಯಲ್ಲ ಮೇಷ್ಟ್ರೇ, ಬರೆದುಕೊಳ್ಳಿ.” ಬರೆಯುವಂತಿರಲಿಲ್ಲ. ನಿಮ್ಮ ಲೆಕ್ಕದಲ್ಲಿ ಜಾತ್ರೆಗೆ ಬರುವವರೆಲ್ಲ ಸೇರಿದ್ದಾರೆ ಎಂಬುದು ನನ್ನ ಗುಮಾನಿ.

ದೂರವನ್ನು ಯಾರೂ ಸರಪಳಿ ಹಿಡಿದು ಅಳೆದಿಲ್ಲ. ಗಣತಿಯ ಜಿಲ್ಲಾ ಕೈಪಿಡಿಯಲ್ಲಿ, ಊರಿನಲ್ಲಿಲ್ಲದ ಸೌಲಭ್ಯ 5 ಕಿ.ಮೀ. ಒಳಗಿದ್ದರೆ ‘ಎ’, 10ರ ಒಳಗಿದ್ದರೆ ‘ಬಿ’, ಅದರಾಚೆ ‘ಸಿ’. ರೈಲು 11 ಕಿ.ಮೀ. ದೂರವಿರಲಿ, 60 ಕಿ.ಮೀ. ದೂರವಿರಲಿ, ಒಂದೇ ‘ಸಿ’. ಆ ಅಕ್ಷರಗಳೇ ಈಗ ನಿಮ್ಮ ಮೊಬೈಲ್‌ನಲ್ಲಿ ವಾಕ್ಯಗಳಾಗಿವೆ.

ತಲೆ ಎಣಿಕೆ ನಿಜಕ್ಕೂ ಉಪಯೋಗಕ್ಕೆ ಬರುವುದು ರಸ್ತೆಗೆ. 2000ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಬಯಲು ಪ್ರದೇಶದಲ್ಲಿ ಕನಿಷ್ಠ 500 ಜನರಿರಬೇಕೆಂಬ ಮಿತಿಯಿದೆ. 2024ರಲ್ಲಿ ಮಂಜೂರಾದ ನಾಲ್ಕನೇ ಹಂತವೂ 2011ರ ಅಂಕಿಯನ್ನೇ ಹಿಡಿಯುತ್ತದೆ. ಆದರೆ ಅಲ್ಲಿ ಎಣಿಕೆ ಕಂದಾಯ ಗ್ರಾಮದ್ದಲ್ಲ, ಒಂದೊಂದು ಜನವಸತಿಯದು, ಅಂದರೆ ಒಂದೆಡೆ ಇರುವ ಮನೆಗಳ ಗುಂಪಿನದು. ಗಣತಿ ಪುಸ್ತಕದಲ್ಲಿ ನಿಮ್ಮ ಗೊಲ್ಲರಹಟ್ಟಿಗೆ ಪ್ರತ್ಯೇಕ ಸಾಲು ಇಲ್ಲದಿರಬಹುದು. ಅಲ್ಲಿ 500 ಜನರಿದ್ದು, ಸರ್ವಋತು ರಸ್ತೆ ಅರ್ಧ ಕಿಲೋಮೀಟರ್‌ಗಿಂತ ಆಚೆ ಇದ್ದರೆ ಹಟ್ಟಿಯೇ ತನ್ನ ಹೆಸರಿನಲ್ಲಿ ಕೇಳಬಹುದು. ಪಂಚಾಯಿತಿಯವರು ಊರಿನ ಹೆಸರಿನಲ್ಲಿ ಅರ್ಜಿ ಬರೆದರೆ ‘ಈ ಊರಿಗೆ ರಸ್ತೆ ಇದೆ’ ಎಂಬ ಷರಾ ಬಿದ್ದು ವಾಪಸ್ಸಾಗುತ್ತದೆ.

ಬಸ್ಸಿನ ದಾರಿಯೇ ಬೇರೆ. ಸಾರಿಗೆ ನಿಗಮದವರು ನೋಡುವುದು ಬಸ್ ಓಡಿದ ಕಿಲೋಮೀಟರ್‌ಗೆ ಎಷ್ಟು ಹುಟ್ಟುತ್ತದೆ ಎಂದು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಹೆಂಗಸರ ಶೂನ್ಯ ಟಿಕೆಟ್ಟೂ ಸರ್ಕಾರ ತುಂಬಿಕೊಡಬೇಕಾದ ಹಣ. ಆದ್ದರಿಂದ ‘ನಮ್ಮೂರಲ್ಲಿ ಹತ್ತುವವರೆಲ್ಲ ಹೆಂಗಸರೇ’ ಎಂದು ಸಂಕೋಚ ಬೇಡ. ಜನಸಂಖ್ಯೆ ಬಿಡಿ. ಕಾಲೇಜಿಗೆ ಹೋಗುವ ಮಕ್ಕಳೆಷ್ಟು, ಬಸ್ ಪಾಸ್ ಎಷ್ಟು, ಬೆಳಿಗ್ಗೆ ಯಾವ ಹೊತ್ತಿಗೆ ಬೇಕು, ಸಂತೆ ಯಾವ ದಿನ ಎಂದು ಬರೆದು, ಗ್ರಾಮಸಭೆಯ ಠರಾವು ಸೇರಿಸಿ ಡಿಪೊ ವ್ಯವಸ್ಥಾಪಕರಿಗೂ ವಿಭಾಗೀಯ ನಿಯಂತ್ರಣಾಧಿಕಾರಿಗೂ ಕೊಡಿ. ಬಸ್ ತಿರುಗಿಸಲು ಜಾಗ ಎಲ್ಲಿದೆ ಎಂಬುದನ್ನೂ ಬರೆಯಿರಿ. ಎಷ್ಟೋ ಅರ್ಜಿಗಳಲ್ಲಿ ಇದೊಂದೇ ಇರುವುದಿಲ್ಲ. ಹೊಸ ಬಸ್ ಕೇಳುವ ಬದಲು ಹತ್ತಿರದ ಊರಿನವರೆಗೆ ಬರುವ ಬಸ್ಸನ್ನೇ ಮುಂದಕ್ಕೆ ಓಡಿಸಿ ಎಂದರೆ ಬೇಗ ಒಪ್ಪುತ್ತಾರೆ.

ಪ್ರಶ್ನೆ: ನಮ್ಮದು ತುಮರಿ ಕಡೆಯ ಹಳ್ಳಿ. ಸಿಗಂದೂರು ಸೇತುವೆಯಾದರೂ ನಮ್ಮೂರಿನ ಮಾಹಿತಿಯಲ್ಲಿ ಅದರ ಸುಳಿವೇ ಇಲ್ಲವಲ್ಲ?

ಉತ್ತರ: ಹೇಗಿರುತ್ತದೆ? ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು, ನೀವು ನೋಡುತ್ತಿರುವುದು 2011ರ ಪುಸ್ತಕವನ್ನು. ಆಗ ಶರಾವತಿ ಹಿನ್ನೀರು ದಾಟಲು ಲಾಂಚ್ ಒಂದೇ ಇತ್ತು, ಕತ್ತಲಾದ ಮೇಲೆ ಅದೂ ಇರಲಿಲ್ಲ. ಮುಂದಿನ ಗಣತಿಗೆ ಆಧಾರ ದಿನ 2027ರ ಮಾರ್ಚ್ 1. ಸೇತುವೆಯ ನಂತರದ ತುಮರಿ ಕಾಣುವುದು ಆ ಅಂಕಿಗಳು ಹೊರಬಂದ ಮೇಲೆ. ಬಸ್ ವೇಳಾಪಟ್ಟಿ ಬೇಕಿದ್ದರೆ ಸಾಗರ ಡಿಪೊದಲ್ಲಿ ವಿಚಾರಿಸಿ, ಅದಕ್ಕೆ ಗಣತಿ ಕಾಯಬೇಕಿಲ್ಲ.