ಬ್ಯಾಲೆನ್ಸ್ ಎಲ್ಲರೂ ನೋಡಲಿ, ಯಾರೂ ತಿದ್ದುವುದು ಬೇಡ

ಪ್ರಶ್ನೆ: ನಮ್ಮೂರಿನ ಒಂದು ಸೊಸೈಟಿಗೆ ಪಿಎಚ್‌ಪಿಯಲ್ಲಿ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ‘ಖಾತೆ’ ಕ್ಲಾಸಿನಲ್ಲಿ ಬ್ಯಾಲೆನ್ಸ್ ಎಂಬ ಪ್ರಾಪರ್ಟಿ (ಕ್ಲಾಸಿನೊಳಗೆ ಇಡುವ ಮಾಹಿತಿ) ಪ್ರೊಟೆಕ್ಟೆಡ್ ಆಗಿದೆ, ಅಂದರೆ ಆ ಕ್ಲಾಸಿಗೂ ಅದರಿಂದ ಹುಟ್ಟಿದ ಸಬ್‌ಕ್ಲಾಸುಗಳಿಗೂ ಮಾತ್ರ ಸಿಗುತ್ತದೆ. ರಿಪೋರ್ಟ್ ಪುಟದಲ್ಲಿ ಅದನ್ನು ತೋರಿಸಲು ಹೋದರೆ ‘ಕೆನಾಟ್ ಆಕ್ಸೆಸ್ ಪ್ರೊಟೆಕ್ಟೆಡ್ ಪ್ರಾಪರ್ಟಿ’ ಎಂಬ ಎರರ್. ಪಬ್ಲಿಕ್ (ಎಲ್ಲ ಕೋಡ್‌ಗೂ ತೆರೆದದ್ದು) ಮಾಡಿಬಿಡು ಅಂತ ಒಬ್ಬ ಗೆಳೆಯ, __ಗೆಟ್ ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಹಾಕು ಅಂತ ಇನ್ನೊಬ್ಬ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಮೊದಲು ಒಂದು ವಿಷಯ ನಿರ್ಧರಿಸಿ. ಹೊರಗಿನ ಕೋಡ್‌ಗೆ ಬ್ಯಾಲೆನ್ಸ್ ಓದಬೇಕೋ, ಬದಲಿಸಬೇಕೋ? ನಿಮ್ಮ ರಿಪೋರ್ಟ್‌ಗೆ ಓದಿದರೆ ಸಾಕು, ಅಲ್ವಾ? ಪಬ್ಲಿಕ್ ಮಾಡಿದರೆ ಬರೆಯುವ ಹಕ್ಕನ್ನೂ ಕೊಟ್ಟ ಹಾಗೆ. ನಾಳೆ ಯಾವುದೋ ಪುಟದ ಒಂದು ಸಾಲು ಬ್ಯಾಲೆನ್ಸನ್ನು ಸುಮ್ನೆ ಬದಲಿಸಿಬಿಡಬಹುದು. ಆಮೇಲೆ ಲೆಕ್ಕ ತಪ್ಪಿದ್ದು ಎಲ್ಲಿ ಎಂದು ಇಡೀ ಕೋಡ್ ಜಾಲಾಡಬೇಕು.

__ಗೆಟ್ ನೋಡಲು ಸುಲಭ, ಆದರೆ ಅದರ ಪೆಟ್ಟು ಬೇರೆ ಥರದ್ದು. ಹೊರಗಿನಿಂದ ಕೈಗೆ ಸಿಗದ ಪ್ರಾಪರ್ಟಿಯನ್ನು ಕೇಳಿದಾಗ ಪಿಎಚ್‌ಪಿ ಈ ಮೆಥಡನ್ನು ಕರೆಯುತ್ತದೆ. ಜಾಸ್ತಿ ಜನ ಅದರೊಳಗೆ ‘ಕೇಳಿದ ಹೆಸರಿನ ಪ್ರಾಪರ್ಟಿ ಕೊಡು’ ಎಂದಷ್ಟೇ ಬರೆಯುತ್ತಾರೆ. ಹಾಗೆ ಬರೆದರೆ ಬ್ಯಾಲೆನ್ಸ್ ಜೊತೆ ಉಳಿದದ್ದೆಲ್ಲವೂ ಬಯಲಾಗುತ್ತದೆ, ಮುಂದೆ ನೀವು ಸೇರಿಸುವ ಪ್ರಾಪರ್ಟಿಗಳೂ ಸೇರಿ.

ಇನ್ನೊಂದು ಗುಂಡಿ ಇದೆ, ಇದರಲ್ಲಿ ಬೀಳುವವರೇ ಹೆಚ್ಚು. ‘ಬ್ಯಾಲೆನ್ಸ್ ಇಲ್ಲದಿದ್ದರೆ 0 ತೋರಿಸು’ ಎನ್ನಲು ಎರಡು ಪ್ರಶ್ನಾರ್ಥಕ ಚಿಹ್ನೆ (??) ಹಾಕಿ ಬರೆಯುತ್ತೇವಲ್ಲ, ಆಗ ಪಿಎಚ್‌ಪಿ ಮೊದಲು ವಿಚಾರಿಸುವುದು __ಇಸ್‌ಸೆಟ್ ಮೆಥಡನ್ನು. ಅದನ್ನು ನೀವು ಬರೆದಿಲ್ಲದಿದ್ದರೆ ‘ಅಂಥ ಪ್ರಾಪರ್ಟಿ ಇಲ್ಲ’ ಎಂದೇ ಲೆಕ್ಕ. ಖಾತೆಯಲ್ಲಿ 5,000 ರೂಪಾಯಿ ಇದ್ದರೂ ರಿಪೋರ್ಟ್‌ನಲ್ಲಿ 0. ಎರರ್ ಇಲ್ಲ, ವಾರ್ನಿಂಗ್ ಇಲ್ಲ! ಖಾಲಿಯೇ ಎಂದು ‘ಎಂಪ್ಟಿ’ ಬಳಸಿ ಪರೀಕ್ಷಿಸಿದರೂ ಇದೇ ಕತೆ.

ಹಾಗಾಗಿ ಬ್ಯಾಲೆನ್ಸ್ ಓದಲು ಮಾತ್ರ ಒಂದು ಪಬ್ಲಿಕ್ ಮೆಥಡ್ ಬರೆಯಿರಿ, ಅಂದರೆ ಗೆಟರ್. ಅದರ ಪಕ್ಕದಲ್ಲೇ ಅಭ್ಯಾಸಬಲದಿಂದ ಸೆಟರ್, ಅಂದರೆ ನೇರವಾಗಿ ಬದಲಿಸುವ ಮೆಥಡ್, ಬರೆಯಬೇಡಿ. ಹಣ ಕಟ್ಟಲು ಒಂದು ಮೆಥಡ್, ತೆಗೆಯಲು ಒಂದು ಮೆಥಡ್ ಇರಲಿ. ಮೊತ್ತ ಸೊನ್ನೆಗಿಂತ ಹೆಚ್ಚಿದೆಯೇ, ಖಾತೆಯಲ್ಲಿ ಅಷ್ಟು ಹಣ ಇದೆಯೇ ಎಂಬ ತಪಾಸಣೆ ಅಲ್ಲೇ ಆಗಲಿ. (ಮೊತ್ತವನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಯಾಗಿ, ಇಟ್ಟಿದ್ದರೆ ಪೈಸೆಗೆ ಬದಲಿಸಿ ಪೂರ್ಣಾಂಕದಲ್ಲಿ ಇಡಿ. ನೀವು ಕೇಳದಿದ್ದರೂ ಹೇಳಿದೆ.)

ನಿಮ್ಮ ಸರ್ವರ್‌ನಲ್ಲಿ ಪಿಎಚ್‌ಪಿ 8.4 ಇದ್ದರೆ ಗೆಟರ್ ಕೂಡ ಬೇಕಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಈ ಆವೃತ್ತಿಯಲ್ಲಿ ಓದಲು ಪಬ್ಲಿಕ್, ಬರೆಯಲು ಪ್ರೈವೇಟ್ (ಆ ಕ್ಲಾಸಿಗೆ ಮಾತ್ರ) ಅಥವಾ ಪ್ರೊಟೆಕ್ಟೆಡ್ ಎಂದು ಒಂದೇ ಪ್ರಾಪರ್ಟಿಗೆ ಬೇರೆ ಬೇರೆ ಮಟ್ಟ ಕೊಡಬಹುದು. ಪ್ರಾಪರ್ಟಿಗೆ ಟೈಪ್ (ಪೂರ್ಣಾಂಕ, ಪಠ್ಯ ಎಂಬಂಥ ಬಗೆ) ಬರೆದಿರಬೇಕು, ಅಷ್ಟೇ. ಖಾತೆ ಸಂಖ್ಯೆಯಂಥ ಎಂದೂ ಬದಲಾಗದ ವಿವರಕ್ಕೆ 8.1ರಿಂದಲೇ ಇರುವ, ಒಮ್ಮೆ ಇಟ್ಟ ಮೇಲೆ ಬದಲಿಸಲು ಬಿಡದ ರೀಡ್‌ಓನ್ಲಿ ಸಾಕು. ಒಂದು ಎಚ್ಚರಿಕೆ: ಪ್ರಾಪರ್ಟಿಯಲ್ಲಿ ಇನ್ನೊಂದು ಆಬ್ಜೆಕ್ಟ್ ಇದ್ದರೆ ಅದರ ಒಳಗಿನದನ್ನು ಇವು ಯಾವುವೂ ಕಾಯುವುದಿಲ್ಲ. ಖಾತೆ ತೆರೆದ ದಿನಾಂಕವನ್ನು ‘ಡೇಟ್‌ಟೈಮ್’ನಲ್ಲಿ ಇಟ್ಟರೆ ಹೊರಗಿನವರು ತಿದ್ದಬಹುದು. ಒಳಗಿನದು ಬದಲಾಗದ ‘ಡೇಟ್‌ಟೈಮ್ಇಮ್ಯೂಟಬಲ್’ ಬಳಸಿ.

ಇನ್ನು ಪ್ರೊಟೆಕ್ಟೆಡ್ಡೇ ಬೇಕಾ? ಹಾಗೆ ಇಟ್ಟರೆ ‘ಉಳಿತಾಯ ಖಾತೆ’ಯಂಥ ಪ್ರತಿ ಸಬ್‌ಕ್ಲಾಸೂ ತಪಾಸಣೆ ದಾಟಿ ಬ್ಯಾಲೆನ್ಸನ್ನು ನೇರವಾಗಿ ಬದಲಿಸಬಹುದು. ನಾನಾಗಿದ್ದರೆ ಪ್ರೈವೇಟ್ ಇಡುತ್ತಿದ್ದೆ.

ಪ್ರೊಟೆಕ್ಟೆಡ್ ಅಂದರೆ ಗುಟ್ಟು ಎಂದೂ ಅಂದುಕೊಳ್ಳಬೇಡಿ. ಆಬ್ಜೆಕ್ಟನ್ನು ಪರಿಶೀಲಿಸಲು ಮುದ್ರಿಸುವ ‘ಪ್ರಿಂಟ್ ಆರ್’ ಅಥವಾ ‘ವಾರ್ ಡಂಪ್’ ಫಂಕ್ಷನ್ ಬಳಸಿದರೆ ಒಳಗಿನದೆಲ್ಲ ತೆರೆಯ ಮೇಲೆ ಕಾಣುತ್ತದೆ. ಪಾಸ್‌ವರ್ಡ್ ಇರುವ ಆಬ್ಜೆಕ್ಟನ್ನು ಹಾಗೆ ಲಾಗ್ ಫೈಲಿಗೆ ಸುರಿಯಬೇಡಿ.