ಡಾಕ್ಟರ್ ಆದ ಮಗಳು ಪಿಜಿ ಬೇಡ ಅನ್ನುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳು ಎಂಬಿಬಿಎಸ್ ಮುಗಿಸಿ, ಇಂಟರ್ನ್‌ಶಿಪ್ಪೂ ಮಾಡಿದ್ದಾಳೆ. ಈಗ ಸ್ನಾತಕೋತ್ತರ ಓದಿನ (ಪಿಜಿ) ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಬರೆಯುವುದೇ ಇಲ್ಲ ಅನ್ನುತ್ತಾಳೆ. ಅವಳ ಇಬ್ಬರು ಗೆಳತಿಯರದ್ದೂ ಇದೇ ಮಾತು. ಬರೀ ಎಂಬಿಬಿಎಸ್‌ಗೆ ಯಾರು ಬೆಲೆ ಕೊಡ್ತಾರೆ ಅಂತ ನೆಂಟರು ಕೇಳುತ್ತಾರೆ. ಈಗಿನ ಮಕ್ಕಳಿಗೆ ಕಷ್ಟಪಡುವುದು ಬೇಡವಾಗಿದೆಯೇ?
– ಒಬ್ಬ ತಂದೆ, ಹಾವೇರಿ

ಉತ್ತರ: ಕಷ್ಟ ಬೇಡ ಅನ್ನುವವರು ಐದೂವರೆ ವರ್ಷ ಎಂಬಿಬಿಎಸ್ ಓದಿ ಮುಗಿಸುವುದಿಲ್ಲ ಸರ್. ಇಂಟರ್ನ್‌ಶಿಪ್ ಅಂದರೆ ಒಂದು ವರ್ಷ ಪಿಜಿಗಳ, ಅಂದರೆ ಪಿಜಿ ಓದುತ್ತಿರುವ ಡಾಕ್ಟರುಗಳ, ಪಕ್ಕದಲ್ಲೇ ನಿಂತು ಮಾಡುವ ಕೆಲಸ. ಅವರ ದಿನಚರಿಯನ್ನು ಕಣ್ಣಾರೆ ನೋಡಿಯೇ ನಿಮ್ಮ ಮಗಳು ಬೇಡ ಅನ್ನುತ್ತಿರಬಹುದು.

ಮೊದಲ ವರ್ಷದ ಪಿಜಿ ಬೆಳಿಗ್ಗೆ ರೌಂಡ್ಸ್‌ಗೆ ಮುಂಚೆಯೇ ವಾರ್ಡಿನಲ್ಲಿರಬೇಕು. ರಕ್ತದ ಸ್ಯಾಂಪಲ್, ರಿಪೋರ್ಟು, ಒಪಿಡಿ, ಆಮೇಲೆ ರಾತ್ರಿ ಡ್ಯೂಟಿ. ಮರುದಿನ ನಿದ್ದೆ ಇಲ್ಲದೆ ಮತ್ತೆ ಅದೇ ವಾರ್ಡು. ಸರ್ಜರಿ, ಹೆರಿಗೆ ವಿಭಾಗಗಳಲ್ಲಿ 36 ಗಂಟೆ ಒಂದೇ ಸಮ ಕೆಲಸ ಮಾಡಿದ ಹುಡುಗ ಹುಡುಗಿಯರನ್ನು ನಾನೇ ಎಷ್ಟೋ ಸಲ ಮನೆಗೆ ಕಳಿಸಿದ್ದೇನೆ. ದಿನಕ್ಕೆ 12 ಗಂಟೆ ಮೀರಬಾರದು ಅಂತ ಕೇಂದ್ರ ಸರ್ಕಾರ ಹೇಳಿದ್ದು 1992ರಲ್ಲಿ! ಆದರೆ 2023ರ ಪಿಜಿ ನಿಯಮದಲ್ಲಿ 'ಸಮಂಜಸವಾದ ಸಮಯ' ಕೆಲಸ ಅಂತಷ್ಟೇ ಇದೆ, ಎಷ್ಟು ಗಂಟೆ ಅಂತ ಇಲ್ಲ. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ ಅಂತ ಸಲಹೆ ಕೊಟ್ಟಿತು. ನನ್ನನ್ನು ಕೇಳಿದರೆ ಅದೂ ಜಾಸ್ತಿಯೇ. 2018ರಿಂದ 2022ರವರೆಗೆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಪಿಜಿಗಳು ಸೀಟು ಬಿಟ್ಟು ಹೋಗಿದ್ದಾರೆ. ಅಷ್ಟು ಕಷ್ಟಪಟ್ಟು ಪಡೆದ ಸೀಟನ್ನು ಯಾರೂ ಸುಮ್ನೆ ಬಿಡುವುದಿಲ್ಲ, ಅಲ್ವಾ?

ಹಾಗಂತ ಎಲ್ಲರೂ ಪಿಜಿಗೆ ಬೆನ್ನು ತಿರುಗಿಸಿಲ್ಲ. ಈಗಲೂ 2 ಲಕ್ಷಕ್ಕೂ ಹೆಚ್ಚು ಜನ ಪರೀಕ್ಷೆ ಬರೆಯುತ್ತಾರೆ. ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಸೀಟುಗಳಿಗೆ ನೂಕುನುಗ್ಗಲು. ಅನಾಟಮಿ, ಬಯೋಕೆಮಿಸ್ಟ್ರಿಯಂಥ, ರೋಗಿಗಳನ್ನು ನೋಡುವ ಕೆಲಸವಿಲ್ಲದ ವಿಷಯಗಳ ಸೀಟುಗಳು ಮಾತ್ರ ಖಾಲಿ. ಅವನ್ನು ತುಂಬಿಸಲು 2023ರಲ್ಲಿ ಕಟ್ ಆಫನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದರು, ಅಂದರೆ ಪರೀಕ್ಷೆ ಬರೆದವರೆಲ್ಲ ಅರ್ಹರು. ಸಿಗುವ ಸೀಟು ಮನಸ್ಸಿಗೆ ಹಿಡಿಸುವುದಿಲ್ಲ. ಮನಸ್ಸಿಗೆ ಬಂದದ್ದು ಸಿಗುವುದಿಲ್ಲ, ಸಿಕ್ಕರೂ ಖಾಸಗಿ ಕಾಲೇಜಿನ ಫೀಸು ಮನೆ ಮಾರಿಸುವಷ್ಟು. ಎಂಎಸ್ (ಸರ್ಜರಿಯಂಥ ವಿಭಾಗಗಳ ಪಿಜಿ) ಮಾಡಿದವರಿಗೂ, ಅದಕ್ಕೂ ಮೇಲಿನ ಸೂಪರ್ ಸ್ಪೆಷಾಲಿಟಿ ಪದವಿಯಾದ 'ಎಂಸಿಎಚ್ ಯಾವಾಗ' ಅನ್ನುವ ಪ್ರಶ್ನೆ ಕಾದಿರುತ್ತದೆ. ಅಲ್ಲಿಗೆ ಮತ್ತೆ ಮೂರು ವರ್ಷ.

ಎಂಬಿಬಿಎಸ್‌ಗೆ ಬೆಲೆ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಜ್ವರ, ಬಿಪಿ, ಸಕ್ಕರೆ ಕಾಯಿಲೆ, ಹಾವು ಕಡಿತ ಎಲ್ಲವನ್ನೂ ಮೊದಲು ನೋಡುವುದು ಹೆಚ್ಚಾಗಿ ಎಂಬಿಬಿಎಸ್ ಡಾಕ್ಟರೇ. ಒಂದೆರಡು ವರ್ಷ ಅಲ್ಲಿ ಕೆಲಸ ಮಾಡಿದರೆ ತನಗೆ ಏನು ಇಷ್ಟ ಅಂತ ಅವಳಿಗೇ ಗೊತ್ತಾಗುತ್ತದೆ. ಆಮೇಲೂ ನೀಟ್ ಪಿಜಿ ಬರೆಯಬಹುದು. ಪಿಜಿಯ ಮೂರು ವರ್ಷ ಜಾಸ್ತಿ ಅನಿಸಿದರೆ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಡಿಪ್ಲೊಮಾಗಳಿವೆ. ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗ, ಅರಿವಳಿಕೆ ಎಲ್ಲ ಅದರಲ್ಲಿವೆ. ಅದಕ್ಕೂ ನೀಟ್ ಪಿಜಿ ಬರೆಯಲೇಬೇಕು ಅನ್ನುವುದು ನೆನಪಿರಲಿ.

ಒಂದು ಮಾತ್ರ ಮಾಡಬೇಡಿ. ನೆಂಟರ ಬಾಯಿ ಮುಚ್ಚಿಸಲು ಸಿಕ್ಕಿದ ಸೀಟಿಗೆ ಸೇರಿಸಬೇಡಿ. ಸೇರಿ ನಡುವೆ ಬಿಟ್ಟರೆ ಎಷ್ಟೋ ಕಡೆ ಲಕ್ಷಗಟ್ಟಲೆ ದಂಡ ಕಟ್ಟಬೇಕಾಗುತ್ತದೆ.

ಒಂದು ರಾತ್ರಿ ಊಟ ಆದ ಮೇಲೆ ಮಗಳನ್ನು ಕೂರಿಸಿಕೊಂಡು ಕೇಳಿ: ಇಂಟರ್ನ್‌ಶಿಪ್‌ನಲ್ಲಿ ಯಾವ ಪೋಸ್ಟಿಂಗ್ ಇಷ್ಟ ಆಯಿತು, ಯಾವುದು ಭಯ ಹುಟ್ಟಿಸಿತು? ಪಿಜಿ ಸುದ್ದಿ ಅವತ್ತು ನೀವಾಗಿ ಎತ್ತಬೇಡಿ.