ಕಾನೂನು ಪ್ರಶ್ನೋತ್ತರ: ಹಳೆಯ ಕೇಸು, ಹೊಸ ಅರ್ಜಿ

ಪ್ರಶ್ನೆ: ನಾನು ನರಗುಂದ ತಾಲ್ಲೂಕಿನವನು. ಹುಬ್ಬಳ್ಳಿಯಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ಐದು ವರ್ಷದಿಂದ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಜುಲೈ 2016ರಲ್ಲಿ ಮಹದಾಯಿ ನದಿ ನೀರಿನ ವಿವಾದದ ನ್ಯಾಯಮಂಡಳಿಯು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ತಿರಸ್ಕರಿಸಿದ ಮರುದಿನ, ನವಲಗುಂದದ ಗಲಾಟೆಯಲ್ಲಿ ನನ್ನನ್ನೂ ಹಿಡಿದರು. ಆಗ ನನಗೆ 19 ವರ್ಷ; ಒಂಬತ್ತು ದಿನ ಜೈಲಿನಲ್ಲಿದ್ದೆ. ಭಾರತೀಯ ದಂಡ ಸಂಹಿತೆಯ ಕಲಂ 143 (ಕಾನೂನುಬಾಹಿರ ಕೂಟ), 147 (ದೊಂಬಿ), 353 ಎಂದು ಹಾಕಿದ್ದರು. ಮುಂದೆ ಸರ್ಕಾರ ಕೇಸು ಹಿಂದಕ್ಕೆ ಪಡೆಯಿತು. ಈಗ ಟೆಕ್ಸಸ್‌ನಲ್ಲಿ ನರ್ಸಿಂಗ್ ಲೈಸೆನ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ‘ಶಿಕ್ಷೆಯೇ ಆಗಿಲ್ಲ, ಇಲ್ಲ ಎಂದು ಟಿಕ್ ಮಾಡು, ನವಲಗುಂದದ ಎಫ್‌ಐಆರ್ ಅವರಿಗೆಲ್ಲಿ ಸಿಗುತ್ತದೆ’ ಎನ್ನುತ್ತಾರೆ ಏಜೆಂಟರು. ಏನು ಮಾಡಲಿ?

ಉತ್ತರ: ಏಜೆಂಟರ ಮಾತನ್ನು ಬದಿಗಿಟ್ಟು ಅರ್ಜಿಯ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಟೆಕ್ಸಸ್ ನರ್ಸಿಂಗ್ ಮಂಡಳಿಯು ಶಿಕ್ಷೆಯಾಗಿದೆಯೇ ಎಂದಷ್ಟೇ ಕೇಳುವುದಿಲ್ಲ. ಬಂಧನವಾಗಿದೆಯೇ, ಆರೋಪ ಹೊರಿಸಲಾಗಿದೆಯೇ ಎಂದೂ ಕೇಳುತ್ತದೆ. ಒಂಬತ್ತು ದಿನ ಜೈಲಿನಲ್ಲಿದ್ದವರು ಅದಕ್ಕೆ ‘ಇಲ್ಲ’ ಎಂದರೆ ಅದು ಸುಳ್ಳಾಗುತ್ತದೆ. ಅಲ್ಲಿಯ ಬೆರಳಚ್ಚು ತಪಾಸಣೆಯಲ್ಲಿ ನಿಮ್ಮ ಕೇಸು ಕಾಣದಿರಬಹುದು, ಏಜೆಂಟರ ಲೆಕ್ಕ ಅಷ್ಟರ ಮಟ್ಟಿಗೆ ಸರಿ. ಆದರೆ ಅಮೆರಿಕದ ವಲಸೆ ವೀಸಾದ ಡಿಎಸ್-260 ನಮೂನೆಯೂ ಎಂದಾದರೂ ಬಂಧಿತರಾಗಿದ್ದಿರಾ ಎಂದು ಕೇಳುತ್ತದೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕೆನ್ನುತ್ತದೆ. ಎರಡು ಅರ್ಜಿಗಳಲ್ಲಿ ಎರಡು ಉತ್ತರ ಬರೆದವರನ್ನು ಹಳೆಯ ಗಲಾಟೆಗಿಂತ ಇಂದಿನ ಸುಳ್ಳೇ ಹೆಚ್ಚು ಕಾಡುತ್ತದೆ. ಉದ್ದೇಶಪೂರ್ವಕ ತಪ್ಪು ಮಾಹಿತಿ ಎಂದು ತೀರ್ಮಾನವಾದರೆ ಆ ದೇಶದ ಪ್ರವೇಶವೇ ಕಾಯಂ ಆಗಿ ಮುಚ್ಚಿಹೋಗಬಹುದು.

ಇನ್ನು ‘ಕೇಸು ಹಿಂದಕ್ಕೆ ಪಡೆಯಿತು’ ಎಂಬ ಮಾತು. ನಮ್ಮ ಕಡೆ ‘ಕೇಸು ಹೋತು’ ಎನ್ನುವ ಒಂದೇ ಮಾತಿನಲ್ಲಿ ಪೊಲೀಸರ ಬಿ ರಿಪೋರ್ಟ್ (ತನಿಖೆ ಮುಗಿಸಿ ಕೇಸು ಕೈಬಿಡುವ ವರದಿ), ರಾಜಿ, ಖುಲಾಸೆ, ಹಿಂತೆಗೆತ ಎಲ್ಲವೂ ಅಡಗಿರುತ್ತವೆ. ಕಾನೂನಿನಲ್ಲಿ ಇವು ಬೇರೆ ಬೇರೆ. ಸರ್ಕಾರ ಆದೇಶ ಮಾಡಿದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 321ರ ಪ್ರಕಾರ ಸರ್ಕಾರಿ ಅಭಿಯೋಜಕರು ಅರ್ಜಿ ಸಲ್ಲಿಸಿ, ನ್ಯಾಯಾಲಯ ಒಪ್ಪಿಗೆ ಕೊಟ್ಟಿರಬೇಕು. ದೋಷಾರೋಪಣೆ ರೂಪಿಸುವ ಮೊದಲೇ ಆ ಒಪ್ಪಿಗೆ ಬಂದಿದ್ದರೆ ನಿಮ್ಮನ್ನು ಆರೋಪದಿಂದ ಬಿಡುಗಡೆ ಮಾಡಿದಂತೆ, ನಂತರ ಬಂದಿದ್ದರೆ ಖುಲಾಸೆ ಮಾಡಿದಂತೆ. ಇದರಲ್ಲಿ ನಿಮ್ಮದು ಯಾವುದು ಎಂಬುದು ನಿಮ್ಮ ಪತ್ರದಲ್ಲಿಲ್ಲ, ಬಹುಶಃ ನಿಮಗೂ ಖಚಿತವಿಲ್ಲ. ಆದ್ದರಿಂದ ಒಂದು ದಿನ ರಜೆ ಹಾಕಿ, ಕೇಸು ನಡೆದ ನ್ಯಾಯಾಲಯದ ನಕಲು ವಿಭಾಗದಲ್ಲಿ ಎಫ್‌ಐಆರ್, ದೋಷಾರೋಪ ಪಟ್ಟಿ ಮತ್ತು ಅಂತಿಮ ಆದೇಶದ ದೃಢೀಕೃತ ನಕಲುಗಳಿಗೆ ಅರ್ಜಿ ಕೊಡಿ. ಅವುಗಳಲ್ಲಿ ಕನ್ನಡದಲ್ಲಿರುವುದನ್ನು ಅನುವಾದಕರ ದೃಢೀಕರಣದೊಂದಿಗೆ ಇಂಗ್ಲಿಷ್ ಅನುವಾದ ಮಾಡಿಸಿ.

ಅನುವಾದದಲ್ಲಿ ಒಂದು ತೊಡಕಿದೆ. ಕಲಂ 353 ಎಂದರೆ ಕರ್ತವ್ಯನಿರತ ಸರ್ಕಾರಿ ನೌಕರನ ಮೇಲೆ ಹಲ್ಲೆ ಅಥವಾ ಬಲಪ್ರಯೋಗ. ಗುಂಪು ಪ್ರಕರಣಗಳಲ್ಲಿ, ಕೂಟದ ಒಬ್ಬರ ಕೃತ್ಯಕ್ಕೆ ಎಲ್ಲರನ್ನೂ ಹೊಣೆಯಾಗಿಸುವ ಕಲಂ 149 ಸೇರಿಸಿ ಸಿಕ್ಕವರೆಲ್ಲರ ಮೇಲೂ ಅದನ್ನು ಹಾಕುವುದು ನಮ್ಮ ಠಾಣೆಗಳ ವಾಡಿಕೆಯೆಂದು ಇಲ್ಲಿಯ ವಕೀಲರಿಗೆ ಗೊತ್ತು. ಆದರೆ ಟೆಕ್ಸಸ್ ಮಂಡಳಿಯ ಕಚೇರಿಯಿರುವ ಆಸ್ಟಿನ್‌ನಲ್ಲಿ ಕುಳಿತು ಕಡತ ಓದುವವರಿಗೆ ಕಾಣುವುದು, ರೋಗಿಯ ಹಾಸಿಗೆಯ ಪಕ್ಕ ನಿಲ್ಲಲು ಬಯಸುವ ವ್ಯಕ್ತಿಯ ಹೆಸರಿನ ಮುಂದೆ ‘ಹಲ್ಲೆ’ ಎಂಬ ಪದ ಮಾತ್ರ. ಹಾಗಾಗಿ ದೋಷಾರೋಪ ಪಟ್ಟಿಯಲ್ಲಿ ನಿಮ್ಮೊಬ್ಬರ ಬಗ್ಗೆ ನಿರ್ದಿಷ್ಟವಾಗಿ ಏನು ಹೇಳಿದೆಯೋ ಅದನ್ನು ನಿಮ್ಮ ವಿವರಣಾ ಪತ್ರದಲ್ಲಿ ಇದ್ದಂತೆಯೇ ಬರೆಯಿರಿ. ಮಹದಾಯಿ ಎಂದರೇನು ಎಂಬುದಕ್ಕೆ ಎರಡು ಸಾಲು ಸಾಕು. ಹೋರಾಟದ ಹೆಮ್ಮೆ ನಮ್ಮೊಳಗಿರಲಿ, ಪತ್ರದಲ್ಲಿ ಬೇಡ. ಕಾಲಿಗೆ ಬೀಳುವ ಧಾಟಿಯೂ ಬೇಡ. ಏಜೆಂಟರ ಬಳಿಯ ಸಿದ್ಧ ನಮೂನೆಯನ್ನಂತೂ ಮುಟ್ಟಬೇಡಿ. ಲೈಸೆನ್ಸಿಗೆ ಮೊದಲೇ ಅರ್ಹತೆಯನ್ನು ತಿಳಿದುಕೊಳ್ಳಲು ಟೆಕ್ಸಸ್‌ನಲ್ಲಿ ‘ಡಿಕ್ಲರೇಟರಿ ಆರ್ಡರ್’ ಎಂಬ ಮಾರ್ಗವಿದೆ; ಏಜೆಂಟರಿಗೆ ದೊಡ್ಡ ಮೊತ್ತ ಕಟ್ಟುವ ಮುಂಚೆ ಆ ದಾರಿ ನಿಮಗೆ ಅನ್ವಯಿಸುತ್ತದೆಯೇ ಎಂದು ಮಂಡಳಿಯನ್ನೇ ವಿಚಾರಿಸಿ.

ಮುಂದೆ ಊರಲ್ಲೇ ಸರ್ಕಾರಿ ಶುಶ್ರೂಷಾಧಿಕಾರಿ ಹುದ್ದೆಗೆ ಹೋದರೂ ಇದೇ ಮಾತು. ನೀವು ಬಂಧಿತರಾದ ಅದೇ ತಿಂಗಳು, 21 ಜುಲೈ 2016ರಂದು, ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೇ ಅದು: ಬಂಧನ, ಖುಲಾಸೆ, ಬಾಕಿ ಕೇಸು ಯಾವುದೇ ಇರಲಿ, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೇನೂ ಇಲ್ಲ ಎಂದೂ ಅದೇ ತೀರ್ಪು ಹೇಳಿದೆ.

ಪ್ರಶ್ನೆ: ಹಾವೇರಿಯ ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ವಿದ್ಯಾರ್ಥಿನಿ. 15ನೇ ವಯಸ್ಸಿನಲ್ಲಿ ಮನೆಯವರ ಹೊಲದ ಜಗಳದ ಕೇಸಿನಲ್ಲಿ ನನ್ನ ಹೆಸರೂ ಸೇರಿ, ಬಾಲನ್ಯಾಯ ಮಂಡಳಿಯ ಮುಂದೆ ಹೋಗಿದ್ದೆ. ನರ್ಸ್ ಆಗಿ ನೋಂದಣಿಗೆ ತೊಂದರೆಯಾಗುತ್ತದೆಯೇ?

ಉತ್ತರ: ಆಗಬಾರದು. ಬಾಲನ್ಯಾಯ ಕಾಯ್ದೆ 2015ರ ಕಲಂ 24 ಅಂಥ ಪ್ರಕರಣದಿಂದ ಯಾವ ಅನರ್ಹತೆಯೂ ತಟ್ಟದಂತೆ ರಕ್ಷಿಸುತ್ತದೆ. ಅದರಲ್ಲಿರುವ ವಿನಾಯಿತಿ 16 ತುಂಬಿದ್ದು, ಮಕ್ಕಳ ನ್ಯಾಯಾಲಯದಲ್ಲಿ ವಯಸ್ಕರಂತೆ ವಿಚಾರಣೆಯಾದವರಿಗೆ, ನಿಮಗಲ್ಲ. ಆದರೂ ಮಂಡಳಿಯ ಆದೇಶದ ಪ್ರತಿ ಮನೆಯಲ್ಲಿದ್ದರೆ ಜೋಪಾನವಾಗಿಡಿ, ಏಕೆಂದರೆ ಆ ಕಡತವನ್ನು ಕಾಲಾನಂತರ ನಾಶಪಡಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ, ಆಮೇಲೆ ಕೇಳಿದರೆ ಸಿಗಲಿಕ್ಕಿಲ್ಲ.